ಅವ್ವನ ಊಟಕ್ಕೆ ಮೊಟ್ಟೆ ಇಲ್ಲದ ಪಾಸ್ತಾ

ಅವ್ವ ಇಟಲಿಯ ಬೊಲೊನ್ಯಾಕ್ಕೆ ಬರುವುದು ಖಚಿತವಾದ ದಿನ ನನಗೆ ಮೊದಲು ನೆನಪಾದದ್ದು ಮೊಟ್ಟೆ. ವೀಸಾ ಕೈಗೆ ಬಂದಿದೆ, ಫೆಬ್ರುವರಿ ಮಧ್ಯದಿಂದ ಮೇ ತಿಂಗಳವರೆಗೆ ಇರುತ್ತೇನೆ ಎಂದು ಅವಳು ಧಾರವಾಡದಿಂದ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಫ್ರಿಜ್ಜಿನಲ್ಲಿದ್ದ ಮೊಟ್ಟೆಗಳ ಸಾಲನ್ನು ನೋಡುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ನಾನು ಈ ಊರಿನಲ್ಲಿ ಮನಸ್ಸಿಟ್ಟು ಕಲಿತ ಕೆಲಸವೆಂದರೆ ಕೈಯಲ್ಲಿ ಲಟ್ಟಿಸಿ ಪಾಸ್ತಾ ಮಾಡುವುದು. ಅದನ್ನು ಅವ್ವನಿಗೆ ಬಡಿಸಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡಿದ್ದೇನೆ. ಆದರೆ ಬೊಲೊನ್ಯಾದ ಪಾಸ್ತಾ ಎಂದರೆ ಹಿಟ್ಟು ಮತ್ತು ಮೊಟ್ಟೆ, ಅಷ್ಟೇ. ಮೂರನೆಯ ವಸ್ತುವಿಗೆ ಅಲ್ಲಿ ಜಾಗವಿಲ್ಲ. ಅವ್ವ ಮೊಟ್ಟೆ ಮುಟ್ಟುವವಳಲ್ಲ.

ನಾವಿರುವುದು ರೈಲು ನಿಲ್ದಾಣದ ಹಿಂದಿನ ಬೊಲೊನ್ಯೀನಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಕೆಳಗಿನ ಮಹಡಿಯಲ್ಲಿ ಎಂಬತ್ತರ ಹತ್ತಿರ ಬಂದಿರುವ ಅಜ್ಜಿಯೊಬ್ಬರಿದ್ದಾರೆ. ಕಟ್ಟಡದವರೆಲ್ಲ ಅವರನ್ನು ಸಿನ್ಯೋರಾ ಎಂದೇ ಕರೆಯುತ್ತಾರೆ. ನಾವು ಬಂದ ಮೊದಲ ಚಳಿಗಾಲದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವರ ಮನೆಯಿಂದ ಮರದ ಮೇಲೆ ಮರ ಉರುಳುವ ಸದ್ದು ಬರುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಅದೇನೆಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಮುಂದಿನ ಭಾನುವಾರ ಬಾ ಎಂದರು.

ಅವರ ಊಟದ ಮೇಜಿನ ಮೇಲೆ ಮೇಜಿನಷ್ಟೇ ಅಗಲದ ಮರದ ಹಲಗೆ ಇತ್ತು. ಅದರ ಮೇಲೆ ಒಂದು ಮೀಟರ್ ಉದ್ದದ ಲಟ್ಟಣಿಗೆ. ನಮ್ಮ ಲಟ್ಟಣಿಗೆಯ ಹಾಗೆ ನಡುವೆ ದಪ್ಪ, ತುದಿಗೆ ಸಣ್ಣ ಎಂಬುದಿಲ್ಲ. ಉದ್ದಕ್ಕೂ ಒಂದೇ ದಪ್ಪ, ಒಂದು ಕಡೆ ಹಿಡಿಯಲು ಗುಬುಟು. ಇದಕ್ಕೆ ಮತ್ತರೆಲ್ಲೊ ಎಂದು ಹೆಸರು. ಇದರಿಂದ ಲಟ್ಟಿಸಿದ ಹಾಳೆ ಸ್ಫೋಲ್ಯಾ. ಅದನ್ನು ಲಟ್ಟಿಸುವ ಹೆಂಗಸು ಸ್ಫೋಲೀನಾ. ಬೊಲೊನ್ಯಾದಲ್ಲಿ ಈ ಕೊನೆಯ ಹೆಸರಿಗೆ ದೊಡ್ಡ ಗೌರವವಿದೆ. ಬೀದಿಯ ಅಂಗಡಿಗಳಲ್ಲಿ ಗಾಜಿನ ಹಿಂದೆ ನಿಂತು ಲಟ್ಟಿಸುವ ಸ್ಫೋಲೀನಾಗಳನ್ನು ನಾನು ಈಗಲೂ ನಿಂತು ನೋಡುತ್ತೇನೆ.

ಅಳತೆ ಬಾಯಿಪಾಠವಾಗುವಷ್ಟು ಸರಳ: ಒಂದು ಮೊಟ್ಟೆಗೆ 100 ಗ್ರಾಂ ಹಿಟ್ಟು. ಉಪ್ಪಿಲ್ಲ, ಎಣ್ಣೆಯಿಲ್ಲ, ನೀರಿಲ್ಲ. ಹಿಟ್ಟು ಮೆದು ಗೋಧಿಯದು, ಚೀಲದ ಮೇಲೆ 00 ಎಂದು ಬರೆದಿರುತ್ತದೆ. ಸೊನ್ನೆ ಹೆಚ್ಚಿದಷ್ಟೂ ಹೊಟ್ಟು ಕಡಿಮೆ ಎಂದು ತಿಳಿಯಬಹುದು. ನಮ್ಮ ಮೈದಾಕ್ಕೆ ಹತ್ತಿರದ ಹಿಟ್ಟು. ಮೊಟ್ಟೆಗಳಲ್ಲಿ ಪಾಸ್ತಾಕ್ಕೆಂದೇ ‘ಪಾಸ್ತಾ ಜಾಲ್ಲಾ’, ಅಂದರೆ ಹಳದಿ ಪಾಸ್ತಾ ಎಂದು ಬರೆದು ಮಾರುತ್ತಾರೆ. ಕೋಳಿಯ ಮೇವಿನಿಂದ ಬಂದ ಬಣ್ಣ ಅದರ ಹಳದಿ ಭಾಗದಲ್ಲಿ ಗಾಢವಾಗಿರುತ್ತದೆ, ಒಡೆದರೆ ಕಿತ್ತಳೆ ಹಣ್ಣಿನಂತೆ ಕಾಣುತ್ತದೆ. ಚಿಪ್ಪಿನ ಮೇಲೆ ಮುದ್ರಿಸಿದ ಮೊದಲ ಅಂಕಿ ನೋಡಿ ಕೊಳ್ಳು ಎಂದು ಕಲಿಸಿದ್ದೂ ಸಿನ್ಯೋರಾ: ಸೊನ್ನೆ ಸಾವಯವ, ಒಂದು ಬಯಲಲ್ಲಿ ಮೇಯ್ದ ಕೋಳಿಯದು, ಮೂರು ಎಂದರೆ ಪಂಜರದ್ದು.

ಮೊದಲ ಸಲ ನನ್ನ ಮನೆಯಲ್ಲಿ ಒಬ್ಬಳೇ ಮಾಡಿದಾಗ ಕೆಟ್ಟುಹೋಯಿತು. ಹೋಳಿಗೆಯ ಕಣಕ ನಾದಿ ಬೆಳೆದ ಕೈ ನನ್ನದು. ಕಣಕ ಎಂದರೆ ಮೆತ್ತಗಿರಬೇಕು, ಎಣ್ಣೆ ಕುಡಿದು ನೆನೆದಿರಬೇಕು, ಎಳೆದರೆ ಹರಿಯದೆ ಹಿಗ್ಗಬೇಕು ಎಂದು ಈ ಬೆರಳುಗಳಿಗೆ ಗೊತ್ತು. ಇಲ್ಲಿ ಮೊಟ್ಟೆ ಬೆರೆಸಿದ ಹಿಟ್ಟು ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ, ಅಲ್ಲಲ್ಲಿ ಬಿರುಕು ಬಿಟ್ಟು, ಉಂಡೆಯಾಗಲು ಒಲ್ಲೆ ಎನ್ನುತ್ತಿತ್ತು. ಎರಡು ಚಮಚ ನೀರು ಚಿಮುಕಿಸಿದೆ. ಉಂಡೆ ಚಂದವಾಗಿ ಕೂಡಿತು, ಸಲೀಸಾಗಿ ಹರಡಿತು, ನನಗೆ ಸಂತೋಷವೂ ಆಯಿತು. ಆಮೇಲೆ ಹಾಳೆಯನ್ನು ಎತ್ತಿದರೆ ತನ್ನ ಭಾರಕ್ಕೇ ಹರಿಯಿತು. ಉಳಿದದ್ದನ್ನು ಕತ್ತರಿಸಿ ಕುದಿಯುವ ನೀರಿಗೆ ಹಾಕಿದರೆ ಪಟ್ಟಿಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಮಾರನೆಯ ದಿನ ಸಿನ್ಯೋರಾಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ನೀರು ಹಾಕಿದೆ?

ಹಿಟ್ಟಿಗೆ ಹೊತ್ತು ಬೇಕು. ಚಿಪ್ಪು ತೆಗೆದ ಮೊಟ್ಟೆಯ ಮುಕ್ಕಾಲು ಭಾಗ ನೀರೇ ಆಗಿರುತ್ತದೆ, ಆದರೆ ಆ ನೀರು ಹಿಟ್ಟಿನ ಕಣದೊಳಗೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮೊದಲ ಐದು ನಿಮಿಷ ಹಿಟ್ಟು ಒಣಗಿದಂತೆ ಕಂಡರೂ ಕೈ ತಡೆಯಬೇಕು. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ, ಹೀಗೆ ಹದಿನೈದು ನಿಮಿಷ. ಅಷ್ಟರಲ್ಲಿ ಬಿರುಕು ತಾನಾಗಿ ಮುಚ್ಚುತ್ತದೆ, ಮೈ ನುಣುಪಾಗುತ್ತದೆ. ಆಮೇಲೆ ಉಂಡೆಯ ಮೇಲೆ ಬಟ್ಟಲು ಬೋರಲು ಹಾಕಿ ಅರ್ಧ ಗಂಟೆ ಬಿಡಬೇಕು. ನಾದಿದಾಗ ಬಿಗಿದುಕೊಂಡ ಗೋಧಿಯ ಅಂಟು ಈ ಅರ್ಧ ಗಂಟೆಯಲ್ಲಿ ಸಡಿಲಾಗುತ್ತದೆ. ಬಿಡದೆ ಲಟ್ಟಿಸಿದರೆ ಹಾಳೆ ಎಷ್ಟು ಹರಡಿದರೂ ಮತ್ತೆ ಕುಗ್ಗುತ್ತದೆ. ಮೊಟ್ಟೆಯ ಬಿಳಿ ಭಾಗ ಬೇಯುವಾಗ ಗಟ್ಟಿಯಾಗಿ ಪಟ್ಟಿಯನ್ನು ಹಿಡಿದಿಡುತ್ತದೆ, ಹಳದಿಯ ಕೊಬ್ಬು ಅದನ್ನು ಮೃದುವಾಗಿಸುತ್ತದೆ. ನಾನು ಚಿಮುಕಿಸಿದ ನೀರು ಈ ಎರಡನ್ನೂ ತೆಳುವಾಗಿಸಿತ್ತು.

ಲಟ್ಟಿಸುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಮೊದಲು ಚಪಾತಿಯ ಹಾಗೆಯೇ, ನಡುವಿನಿಂದ ಅಂಚಿಗೆ, ಸ್ವಲ್ಪ ಸ್ವಲ್ಪ ತಿರುಗಿಸುತ್ತ. ತಟ್ಟೆಯಷ್ಟು ಅಗಲವಾದ ಮೇಲೆ ಕೆಲಸ ಬದಲಾಗುತ್ತದೆ. ಹಾಳೆಯ ಆಚೆಯ ಅಂಚನ್ನು ಲಟ್ಟಣಿಗೆಗೆ ಸುತ್ತಿಕೊಂಡು ನಮ್ಮ ಕಡೆಗೆ ತರಬೇಕು. ಉರುಳಿಸುತ್ತಲೇ ಎರಡು ಅಂಗೈಗಳನ್ನು ನಡುವಿನಿಂದ ತುದಿಗಳ ಕಡೆಗೆ ಜಾರಿಸಬೇಕು. ಇಲ್ಲಿ ಒತ್ತಡ ಕೆಳಕ್ಕಿಲ್ಲ, ಪಕ್ಕಕ್ಕೆ. ಈಚೆಯ ಅಂಚು ಹಲಗೆಯಿಂದ ಹೊರಗೆ ಒಂದು ಗೇಣು ಜೋತುಬಿದ್ದು, ಹೊಟ್ಟೆಗೂ ಹಲಗೆಗೂ ನಡುವೆ ಸಿಕ್ಕಿ ನಿಂತಿರುತ್ತದೆ. ಆ ಭಾರವೇ ಹಾಳೆಯನ್ನು ಎಳೆದು ಹಿಗ್ಗಿಸುತ್ತದೆ. ಸಿನ್ಯೋರಾ ನನ್ನ ಹಿಂದೆ ನಿಂತು ತಮ್ಮ ಕೈಗಳನ್ನು ನನ್ನ ಕೈಗಳ ಮೇಲಿಟ್ಟು ಈ ಜಾರಿಸುವುದನ್ನು ತೋರಿಸಿಕೊಟ್ಟರು. ಮಾತಿನಲ್ಲಿ ಹೇಳಿಕೊಡಲು ಆಗುವಂಥದ್ದಲ್ಲ. ಬರೆಯುತ್ತಿರುವಾಗಲೂ ನನ್ನ ಅಂಗೈಗಳು ಚಲಿಸುತ್ತಿವೆ.

ಎಷ್ಟು ತೆಳುವಾಗಬೇಕು? ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಸಾನ್ ಲೂಕಾ ಕಾಣಬೇಕು ಎಂದು ಇಲ್ಲಿ ಹೇಳುತ್ತಾರೆ. ಸಾನ್ ಲೂಕಾ ಊರಿನ ಅಂಚಿನ ಗುಡ್ಡದ ಮೇಲಿರುವ ಮಾತೆ ಮರಿಯಾಳ ಗುಡಿ. ಅಲ್ಲಿಗೆ ಹತ್ತುವ ಹಾದಿಗೆ 666 ಕಮಾನುಗಳ ಮಾಡು ಇದೆ. ಅವ್ವ ಬಂದ ಎರಡನೆಯ ವಾರ ನಾವಿಬ್ಬರೂ ಅದರ ಕೆಳಗೆ ನಡೆದು ಮೇಲೆ ಹೋದೆವು, ದಾರಿಯಲ್ಲಿ ನಾಲ್ಕು ಕಡೆ ಕುಳಿತೆವು. ಪಾಸ್ತಾ ಯಂತ್ರದಲ್ಲಿಯೂ ತೆಳುವಾದ ಹಾಳೆ ಬರುತ್ತದೆ, ಮನೆಯಲ್ಲಿ ಹತ್ತು ಜನರಿಗೆ ಮಾಡಬೇಕಾದಾಗ ನಾನೂ ಅದನ್ನು ತಿರುಗಿಸುತ್ತೇನೆ. ಆದರೆ ಉಕ್ಕಿನ ಉರುಳೆಗಳ ನಡುವೆ ಹಾದ ಹಾಳೆ ಗಾಜಿನಂತೆ ನುಣುಪು. ಮರದ ಮೇಲೆ ಮರದಿಂದ ಲಟ್ಟಿಸಿದ್ದಕ್ಕೆ ಬೆರಳಿಗೆ ತಿಳಿಯುವ ತರಿ ಇರುತ್ತದೆ. ಬೆಣ್ಣೆಯಾಗಲಿ ಸಾಸ್ ಆಗಲಿ ಆ ತರಿಗೆ ಕಚ್ಚಿಕೊಳ್ಳುತ್ತದೆ. ಎರಡನ್ನೂ ಒಂದೇ ದಿನ ಮಾಡಿ ತಿಂದು ನೋಡಿದರೆ ಈ ಮಾತಿಗೆ ಬೇರೆ ಪುರಾವೆ ಬೇಡ.

ಹಾಳೆ ಇಸ್ತ್ರಿಗೆ ಮುಂಚಿನ ಗಂಜಿ ಬಟ್ಟೆಯಂತಾಗುವವರೆಗೆ ಆರಲು ಬಿಟ್ಟು, ಸಡಿಲವಾಗಿ ಸುರುಳಿ ಸುತ್ತಿ, ಕತ್ತರಿಸಿ ಕೊಡವಿದರೆ ತಾಲ್ಯಾತೆಲ್ಲೆ. ಇದರ ಅಗಲಕ್ಕೂ ಈ ಊರಿನಲ್ಲಿ ದಾಖಲೆ ಉಂಟು. 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ಅಳತೆಯನ್ನು ನೋಂದಾಯಿಸಿ, ಚಿನ್ನದ ಮಾದರಿಯನ್ನೂ ಇಟ್ಟರು: ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಊರ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಪಾಲು. ಗೋಪುರ 97 ಮೀಟರಿಗಿಂತ ಚೂರು ಹೆಚ್ಚು. ನಾನು ಲೆಕ್ಕ ಹಾಕಿ ನೋಡಿದೆ, ಸರಿಹೋಗುತ್ತದೆ. ಬೇಯುವಾಗ ಹಿಗ್ಗುವುದರಿಂದ ಕತ್ತರಿಸುವಾಗ ಆರೂವರೆ, ಏಳು ಮಿಲಿಮೀಟರ್ ಸಾಕು. ಒಂದು ಪಟ್ಟಿ ಹಿಟ್ಟಿಗೆ ಇಷ್ಟು ಪ್ರೀತಿ ಇಟ್ಟಿರುವ ಊರು ನನಗೆ ತುಂಬ ಇಷ್ಟ. ಕತ್ತರಿಸಿ ಉಳಿದ ಓರೆಕೋರೆ ಚೂರುಗಳಿಗೂ ಮಾಲ್ತಾಲ್ಯಾತಿ ಎಂಬ ಹೆಸರಿದೆ, ಕೆಟ್ಟದಾಗಿ ಕತ್ತರಿಸಿದವು ಎಂದು ಅರ್ಥ. ಅವು ಕಾಳಿನ ಸಾರಿಗೆ ಹೋಗುತ್ತವೆ.

ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಧಾರವಾಡಕ್ಕೆ ಬಂದಿದ್ದಾಗ ಗೆಳತಿಯ ಮನೆಯಲ್ಲಿ ಇದನ್ನೇ ಮೈದಾದಲ್ಲಿ ಮಾಡಿದ್ದೆ. ಊರಲ್ಲಿ ಪ್ರಯತ್ನಿಸುವವರಿಗೆ ಎರಡು ಮಾತು. ನಮ್ಮ ಮೊಟ್ಟೆ ಚಿಕ್ಕದು, ಎಣಿಸಿ ಹಾಕಬೇಡಿ. ಚಿಪ್ಪು ತೆಗೆದು ತೂಗಿ, 100 ಗ್ರಾಂ ಹಿಟ್ಟಿಗೆ 55 ಗ್ರಾಂ ಹಾಕಿ. ಬೇಸಿಗೆಯ ಗಾಳಿಗೆ ಹಾಳೆ ಹತ್ತೇ ನಿಮಿಷದಲ್ಲಿ ಗರಿಗರಿಯಾಗಿ ಸುತ್ತುವಾಗ ಒಡೆಯುತ್ತದೆ, ಆದ್ದರಿಂದ ಅರ್ಧ ಉಂಡೆಯನ್ನು ಮುಚ್ಚಿಟ್ಟು ಅರ್ಧವನ್ನು ಮಾತ್ರ ಲಟ್ಟಿಸಿ.

ಮೊಟ್ಟೆಯ ಚಿಂತೆಯನ್ನು ಪರಿಹರಿಸಿದವಳು ನನ್ನ ಜೊತೆ ಕೆಲಸ ಮಾಡುವ ಗೆಳತಿ. ಅವಳು ದಕ್ಷಿಣದ ಪುಲ್ಯಾ ಪ್ರಾಂತದವಳು, ಬಾರಿ ನಗರದಲ್ಲಿ ಹುಟ್ಟಿದವಳು. ನನ್ನ ಸಂಕಟ ಕೇಳಿ ಅವಳಿಗೆ ಆಶ್ಚರ್ಯವೇ ಆಯಿತು: ತನ್ನ ಅಜ್ಜಿಯ ಮನೆಯಲ್ಲಿ ದಿನದ ಪಾಸ್ತಾಕ್ಕೆ ಯಾರೂ ಮೊಟ್ಟೆ ಹಾಕಿದವರಲ್ಲ ಎಂದಳು. ಉತ್ತರದ ಪೋ ನದಿಯ ಬಯಲಲ್ಲಿ ಮೆದು ಗೋಧಿ ಬೆಳೆಯುತ್ತದೆ, ಅದಕ್ಕೆ ಮೊಟ್ಟೆಯ ಆಸರೆ ಬೇಕು. ದಕ್ಷಿಣದಲ್ಲಿ ಬೆಳೆಯುವುದು ಡುರಮ್, ಗಟ್ಟಿ ಗೋಧಿ. ಕಾರ್ಖಾನೆಯ ಒಣ ಪಾಸ್ತಾವನ್ನು ಡುರಮ್ ರವೆಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಿಂದ ಕಾನೂನೂ ಇದೆ. ಮನೆಯಲ್ಲಿ ಕೈಯಿಂದ ಮಾಡುವವರು ಅದೇ ರವೆಯನ್ನು ಇನ್ನೊಮ್ಮೆ ಬೀಸಿದ ಸೆಮೊಲಾ ತರುತ್ತಾರೆ. ಚಿರೋಟಿ ರವೆಗಿಂತ ಸಣ್ಣ, ಮೈದಾಕ್ಕಿಂತ ತರಿ, ತಿಳಿ ಹಳದಿ ಬಣ್ಣ. ಅದಕ್ಕೆ ಅರ್ಧ ತೂಕದಷ್ಟು ಬೆಚ್ಚಗಿನ ನೀರು. ಬೇರೇನೂ ಇಲ್ಲ.

ಅವಳು ನಮ್ಮ ಮನೆಗೆ ಬಂದು ಒರೆಕ್ಕಿಯೆತ್ತೆ ಮಾಡಿ ತೋರಿಸಿದಳು. ‘ಪುಟ್ಟ ಕಿವಿಗಳು’ ಎಂದು ಅರ್ಥ. ನಾದಿದ ಹಿಟ್ಟನ್ನು ಬೆರಳು ದಪ್ಪದ ಹುರಿಯಾಗಿ ಹೊಸೆದು, ಸೆಂಟಿಮೀಟರಿನಷ್ಟು ತುಂಡು ಮಾಡಿ, ಒಂದೊಂದನ್ನೂ ಮೊಂಡು ಚಾಕುವಿನ ಅಂಚಿನಿಂದ ಹಲಗೆಯ ಮೇಲೆ ತನ್ನ ಕಡೆಗೆ ಎಳೆಯುತ್ತಾಳೆ. ತುಂಡು ಚಾಕುವಿಗೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಟೊಪ್ಪಿಗೆ ತೊಡಿಸಿದ ಹಾಗೆ ಮಗುಚುತ್ತಾಳೆ. ಹಳೆಯ ಬಾರಿಯ ಅರ್ಕೊ ಬಾಸ್ಸೊ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ಮೇಜು ಹಾಕಿಕೊಂಡು ಇವನ್ನು ಮಾಡಿ ಜಾಲರಿಯ ತಟ್ಟೆಗಳಲ್ಲಿ ಒಣಗಿಸುತ್ತಾರೆ. ಗೆಳತಿ ಚಾಕು ಎಳೆಯುವುದನ್ನು ನೋಡುತ್ತಿದ್ದಾಗ ನನಗೆ ಅವ್ವ ಪಾಯಸಕ್ಕೆಂದು ಹಿಟ್ಟಿನಲ್ಲಿ ಸೌತೆಬೀಜ ಹೊಸೆಯುವುದು ಕಣ್ಣಿಗೆ ಬಂತು. ಆದರೆ ಅದನ್ನು ಅವಳಿಗೆ ವಿವರಿಸಲು ನನಗೆ ಇಟಾಲಿಯನ್ ಸಾಲಲಿಲ್ಲ.

ಅವ್ವ ಬಂದಳು. ಮೊದಲ ಶನಿವಾರ ಅವಳನ್ನು ಮೆರ್ಕಾತೊ ದೆಲ್ಲೆ ಎರ್ಬೆಗೆ ಕರೆದುಕೊಂಡು ಹೋದೆ. ಊರ ನಡುವಿನ ಹಳೆಯ ತರಕಾರಿ ಮಾರುಕಟ್ಟೆ. ನಾನು ಚೀಮೆ ದಿ ರಾಪಾ ಸೊಪ್ಪು ಆರಿಸುತ್ತಿದ್ದೆ. ಸಾಸಿವೆಯ ಬಳಗದ ಸೊಪ್ಪು, ಮೊಗ್ಗಿನ ಸಮೇತ ಬರುತ್ತದೆ, ಸ್ವಲ್ಪ ಕಹಿ. ಚಳಿಗಾಲ ಮುಗಿಯುವವರೆಗೆ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಅವ್ವ ಪಕ್ಕದ ಕಾಳಿನ ಅಂಗಡಿಯಲ್ಲಿ ಒಂದು ಪೊಟ್ಟಣ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಇದು ಜವೆಗೋಧಿ ಎಂದಳು. ಪೊಟ್ಟಣದ ಮೇಲೆ ಫಾರ್ರೊ ದಿಕೊಕ್ಕೊ ಎಂದಿತ್ತು. ಮನೆಗೆ ಬಂದು ಹುಡುಕಿದೆ. ಅವ್ವ ಹೇಳಿದ್ದು ಸರಿ. ಸಸ್ಯಶಾಸ್ತ್ರದಲ್ಲಿ ಡೈಕಾಕಮ್ ಎಂದು ಕರೆಯುವ ಒಂದೇ ಜಾತಿಯ ಗೋಧಿ. ಇಲ್ಲಿ ತೊಸ್ಕಾನಾದ ಗಾರ್ಫಾನ್ಯಾನಾ ಬೆಟ್ಟಗಳಲ್ಲಿ ಬೆಳೆಯುವುದಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಹೊಲಗಳಲ್ಲಿ ಅದು ನಮ್ಮ ಜವೆಗೋಧಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂದು ತಳಿಗಳನ್ನೇ ಹೊರತಂದಿದೆ. ಕಾಳಿಗೆ ಅಂಟಿಕೊಂಡ ಸಿಪ್ಪೆ ಒಕ್ಕಿದರೂ ಬಿಡುವುದಿಲ್ಲ, ಬೇರೆಯಾಗಿ ಕುಟ್ಟಿ ತೆಗೆಯಬೇಕು. ಅದೂ ಎರಡೂ ಕಡೆ ಒಂದೇ. ನನ್ನ ಅಜ್ಜಿ ಇದೇ ಗೋಧಿಯಿಂದ ಮಾದಲಿ ಮಾಡುತ್ತಿದ್ದಳು, ಬೇಸಿಗೆಯಲ್ಲಿ ಇದರ ಸಣ್ಣ ರವೆಯನ್ನು ನಾದಿ ಶ್ಯಾವಿಗೆ ಮಣೆಯ ಮೇಲೆ ಹೊಸೆದು ಎಳೆಗಳನ್ನು ಕೋಲಿಗೆ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದಳು. ನಾಲ್ಕು ವರ್ಷ ನಾನು ಆ ಅಂಗಡಿಯ ಮುಂದೆ ಓಡಾಡಿದ್ದೇನೆ, ಆ ಪೊಟ್ಟಣವನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಭಾನುವಾರ 400 ಗ್ರಾಂ ಸೆಮೊಲಾಕ್ಕೆ 200 ಮಿಲಿಲೀಟರ್ ನೀರು ಹಾಕಿ ನಾದಿ ಮುಚ್ಚಿಟ್ಟೆ. ಸಿನ್ಯೋರಾ ತಮ್ಮ ದೊಡ್ಡ ಹಲಗೆಯನ್ನು ಮೊಮ್ಮಗನ ಕೈಲಿ ಹೊರಿಸಿಕೊಂಡು ಮೇಲೆ ಬಂದರು. ನೀರಿನಲ್ಲಿ ಕಲಸಿದ ಪಾಸ್ತಾದ ಬಗ್ಗೆ ಅವರಿಗೆ ಅಷ್ಟೇನೂ ಆಸಕ್ತಿ ಇಲ್ಲ, ಬಂದದ್ದು ಅವ್ವನನ್ನು ನೋಡಲು. ನಾನು ಚಾಕು ಹಿಡಿದು ಒಂದೊಂದೇ ಕಿವಿ ಮಾಡುತ್ತಿದ್ದೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಳೆಗಳನ್ನು ಮೇಲೆ ಸರಿಸಿಕೊಂಡು, ಹಿಟ್ಟಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳಿನಷ್ಟು ಚಿವುಟಿ ಹೊಸೆದು ಬೀಳಿಸತೊಡಗಿದಳು. ಎರಡು ತುದಿ ಚೂಪು, ನಡುವೆ ಚೂರೇ ಉಬ್ಬು, ಥೇಟು ಸೌತೆಕಾಯಿಯ ಬೀಜ. ಅವಳು ಬೆರಳ ಕಡೆ ನೋಡುತ್ತಲೂ ಇರಲಿಲ್ಲ, ಸಿನ್ಯೋರಾರ ಕೂದಲು ಎಷ್ಟು ಬೆಳ್ಳಗಿದೆ ಎಂದು ನನಗೆ ಹೇಳುತ್ತಿದ್ದಳು. ನಾನು ಹತ್ತು ಕಿವಿ ಮುಗಿಸುವಷ್ಟರಲ್ಲಿ ಅವಳ ಮುಂದೆ ಒಂದು ಬೊಗಸೆ ಬೀಜ ಬಿದ್ದಿತ್ತು.

ಸಿನ್ಯೋರಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಒಂದು ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕದ ಹತ್ತಿರ ತಂದು ನೋಡಿದರು. ಅರವತ್ತು ವರ್ಷ ಸ್ಫೋಲ್ಯಾ ಲಟ್ಟಿಸಿದ ಕೈ ಅವರದು. ಅವ್ವನ ಮಣಿಕಟ್ಟು ಹಿಡಿದು ನಿಧಾನವಾಗಿ ಮಾಡು ಎಂದು ಇಟಾಲಿಯನ್ನಿನಲ್ಲಿ ಹೇಳಿದರು. ಅವ್ವ ನಿಧಾನವಾಗಿ ಮಾಡಿ ತೋರಿಸುತ್ತ ಕನ್ನಡದಲ್ಲಿ ವಿವರಿಸಿದಳು. ನಡುವೆ ನಾನು ಅನುವಾದಿಸಲು ಹೋದೆ, ಇಬ್ಬರೂ ನನ್ನ ಮಾತಿಗೆ ಕಿವಿಗೊಡಲಿಲ್ಲ.

ಅವ್ವನ ತಟ್ಟೆಗೆ ಇಲ್ಲಿಯ ಚೀಸ್ ಕೂಡ ಹಾಕುವಂತಿರಲಿಲ್ಲ. ಪಾರ್ಮಿಜಾನೊ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಸಸ್ಯಾಹಾರಿ ಬಂಧುಗಳು ಬಂದಾಗ ನಾನು ಇದನ್ನು ಮುಚ್ಚಿಡುವುದಿಲ್ಲ. ದಕ್ಷಿಣದವರು ಚೀಸಿನ ಬದಲು ಹಳೆಯ ಬ್ರೆಡ್ಡಿನ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು ಉದುರಿಸುತ್ತಾರೆ. ಗೆಳತಿ ಸಣ್ಣ ಮೀನನ್ನೂ ಎಣ್ಣೆಯಲ್ಲಿ ಕರಗಿಸುತ್ತಾಳೆ, ಅದನ್ನು ಬಿಟ್ಟೆ. ಉಪ್ಪು ನೀರಿನಲ್ಲಿ ಮೊದಲು ಸೊಪ್ಪು, ಅದು ಅರ್ಧ ಬೆಂದಾಗ ಅದೇ ನೀರಿಗೆ ಪಾಸ್ತಾ; ಇನ್ನೊಂದು ಬಾಣಲೆಯಲ್ಲಿ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಎಲ್ಲವನ್ನೂ ಕೂಡಿಸಿ, ಬೇಯಿಸಿದ ನೀರನ್ನು ಎರಡು ಸೌಟು ಹಾಕಿ ಕುಲುಕಿದೆ. ಅವ್ವ ಎರಡನೆಯ ಸಲ ಬಡಿಸಿಕೊಂಡಳು. ಸೊಪ್ಪಿನ ಕಹಿ ಮೆಂತ್ಯದ ಹಾಗೆ ಹಿತವಾಗಿದೆ, ಖಾರ ಇನ್ನೂ ಸ್ವಲ್ಪ ಇರಲಿ ಎಂದಳು.

ಸೌತೆಬೀಜಗಳನ್ನು ಅಂದು ಬೇಯಿಸಲಿಲ್ಲ. ಬಾಲ್ಕನಿಯಲ್ಲಿ ಹಳೆಯ ಸೀರೆಯ ತುಂಡಿನ ಮೇಲೆ ಹರಡಿ ಮೂರು ದಿನ ಒಣಗಿಸಿ ಅವ್ವ ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. ಆಮೇಲೆ ಅದೇ ಅವಳ ಮಧ್ಯಾಹ್ನದ ಕೆಲಸವಾಯಿತು. ಸಿನ್ಯೋರಾ ವಾರಕ್ಕೆರಡು ಸಲ ಮೇಲೆ ಬಂದು ಪಕ್ಕದಲ್ಲಿ ಕುಳಿತು ಹೊಸೆಯುತ್ತಿದ್ದರು. ಯುಗಾದಿಯ ದಿನ ಬೀದಿಯ ಬಾಂಗ್ಲಾದೇಶದವರ ಅಂಗಡಿಯಿಂದ ಬೆಲ್ಲ ತಂದು, ಬೀಜಗಳನ್ನು ತುಪ್ಪದಲ್ಲಿ ಹುರಿದು ಪಾಯಸ ಮಾಡಿ ಕೆಳಗಿನ ಮನೆಗೆ ಕೊಟ್ಟು ಬಂದೆವು.

ಅವ್ವ ಮೇ ತಿಂಗಳಲ್ಲಿ ಊರಿಗೆ ಹೋದಳು. ಡಬ್ಬಿಯಲ್ಲಿ ಅರ್ಧದಷ್ಟು ಬೀಜ ಉಳಿದಿವೆ. ಸಿನ್ಯೋರಾ ಅವನ್ನು ಅಮ್ಮನ ಬೀಜಗಳು ಎನ್ನುತ್ತಾರೆ. ಕಳೆದ ಭಾನುವಾರ ನಾನೇ ಹೊಸೆಯಲು ಕುಳಿತೆ. ನನ್ನವು ದಪ್ಪಗೆ ಬರುತ್ತವೆ, ತುದಿ ಚೂಪಾಗುವುದಿಲ್ಲ, ಬೆರಳಿಗೆ ಅಂಟುತ್ತವೆ. ಅವ್ವನಿಗೆ ಫೋನು ಮಾಡಿ ಕ್ಯಾಮೆರಾದಲ್ಲಿ ತೋರಿಸಿದೆ. ಅವಳು ಬೀಜಗಳನ್ನು ನೋಡಲಿಲ್ಲ, ಪಕ್ಕದಲ್ಲಿದ್ದ ಹಿಟ್ಟಿನ ಉಂಡೆಯನ್ನು ಬೆರಳಿನಿಂದ ಒತ್ತಲು ಹೇಳಿದಳು. ಒತ್ತಿದೆ. ಎಷ್ಟು ನೀರು ಹಾಕಿದೆ ಎಂದು ಕೇಳಿದಳು. ಮುಂದಿನ ವಾರ ಎರಡು ಚಮಚ ಕಡಿಮೆ ಹಾಕಿ ನಾದುತ್ತೇನೆ.